ವೃದ್ಧಾಶ್ರಮದ ನೆರೆಯಲ್ಲಿ ನಾವು: ಕೊಡುವುದೂ ಉಂಟು, ಪಡೆಯುವುದೂ ಉಂಟು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ವೃದ್ಧಾಶ್ರಮಗಳ ಅಂಗಳದಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದಿಲ್ಲ. ಇಂದು ಶಾಲೆಯ ಮಕ್ಕಳು, ನಾಳೆ ಯುವ ಸಂಘಟನೆಯವರು, ನಾಡಿದ್ದು ಯಾವುದೋ ಕಚೇರಿಯ ಸಿಬ್ಬಂದಿ. ಕ್ರಿಸ್ಮಸ್ ಗೀತೆ, ಕೇಕ್, ಹಣ್ಣು, ಹೊದಿಕೆ, ಕೊನೆಗೆ ಎಲ್ಲರೂ ಸೇರಿ ಒಂದು ಫೋಟೊ. ಒಂದೇ ದಿನ ಮೂರು ತಂಡಗಳು ಬಂದು ಮೂರು ಕೇಕ್ ಕತ್ತರಿಸಿದ್ದೂ ಉಂಟು. ಸಕ್ಕರೆ ಕಾಯಿಲೆ ಇರುವ ಅಜ್ಜಿಯಂದಿರು ಬಂದವರ ಮನಸ್ಸು ನೋಯಬಾರದೆಂದು ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಮೂರು ರಾಯರ ಹಬ್ಬ ಕಳೆಯುತ್ತಲೇ ಅಂಗಳ ಖಾಲಿಯಾಗುತ್ತದೆ. ಮತ್ತೆ ಯಾರಾದರೂ ಬರಬೇಕಾದರೆ ಯಾರದೋ ಹುಟ್ಟುಹಬ್ಬವೋ, ವಿವಾಹ ವಾರ್ಷಿಕವೋ ಬರಬೇಕು.

ಬಂದವರನ್ನು ನಾವು ದೂರುತ್ತಿಲ್ಲ. ಬಾರದೇ ಇರುವುದಕ್ಕಿಂತ ಬಂದದ್ದು ಒಳ್ಳೆಯದೇ. ಆದರೆ ಆಶ್ರಮದಲ್ಲಿರುವ ಹಿರಿಯರಿಗೆ ವರ್ಷದಲ್ಲಿ 365 ದಿನ ಉಂಟು. ಹಬ್ಬವಿಲ್ಲದ ಮಂಗಳವಾರದ ಮಧ್ಯಾಹ್ನ, ಮಳೆ ಸುರಿಯುವ ಗುರುವಾರದ ಸಂಜೆ, ಇವೇ ಅವರ ನಿಜವಾದ ದಿನಗಳು. ಆ ದಿನಗಳಲ್ಲಿ ಗೇಟಿನ ಹೊರಗಿರುವ ನಾವು ಅವರಿಗೆ ಏನಾಗಿದ್ದೇವೆ? ಅವರು ನಮಗೆ ಏನಾಗಿದ್ದಾರೆ? ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ವೃದ್ಧಾಶ್ರಮವೋ ಹಿರಿಯರ ವಸತಿ ಸಮುಚ್ಚಯವೋ ಇರುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮ ಉತ್ತರ ಚಿಕ್ಕದು: ಹಿರಿಯರಿಗೆ ದಾನಿಗಳಿಗಿಂತ ಹೆಚ್ಚಾಗಿ ನೆರೆಯವರು ಬೇಕು. ನೆರೆತನ ಎಂಬುದು ಎರಡೂ ಕಡೆಯಿಂದ ನಡೆಯಬೇಕಾದ ವ್ಯವಹಾರ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಿರಿಯರು ಏಕೆ ಒಬ್ಬಂಟಿಯಾದರು?

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರು ಸುಮಾರು 10.4 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇಕಡಾ 8.6. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಇದೆ. ಆಯುಷ್ಯ ಹೆಚ್ಚಿದೆ, ಹೆರಿಗೆಗಳು ಕಡಿಮೆಯಾಗಿವೆ. ಎಂಟು ಹತ್ತು ಮಕ್ಕಳಿದ್ದ ಮನೆಗಳಲ್ಲಿ ಈಗ ಒಬ್ಬರೋ ಇಬ್ಬರೋ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಂಡಿದೆ. ನಮ್ಮ ಹಿರಿಯರ ಕಾಲದಲ್ಲೇ ಬೊಂಬಾಯಿಗೆ ಹೋಗುವ ವಾಡಿಕೆ ಇತ್ತು. 1970ರ ದಶಕದಿಂದ ಗಲ್ಫ್ ದೇಶಗಳು ಕರೆದವು. ನಂತರ ಕೆನಡ, ಆಸ್ಟ್ರೇಲಿಯ, ಇಂಗ್ಲೆಂಡ್. ಮಕ್ಕಳು ಕಳುಹಿಸಿದ ಹಣದಿಂದ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತು. ಆ ಮನೆಯಲ್ಲಿ ಮೊದಲು ಅಪ್ಪ ಅಮ್ಮ ಇಬ್ಬರೇ ಉಳಿದರು, ಆಮೇಲೆ ಒಬ್ಬರೇ. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಸಾಕು, ಮನೆಗೆ ಬೀಗ ಬಿದ್ದು ಆಶ್ರಮದ ದಾರಿ ತೆರೆಯುತ್ತದೆ. ಮಕ್ಕಳಿಲ್ಲದವರು, ಮದುವೆಯಾಗದೆ ತಮ್ಮ ತಂಗಿಯರನ್ನು ಸಾಕಿದವರು, ಜೀವಮಾನವಿಡೀ ಪರರ ಮನೆಗಳಲ್ಲಿ ದುಡಿದವರು, ಇವರೂ ಅಲ್ಲಿದ್ದಾರೆ.

ಇದರೊಳಗೆ ಒಂದು ವಿಚಿತ್ರವನ್ನೂ ಗಮನಿಸಬೇಕು. ನಮ್ಮ ಊರುಗಳಿಂದ ಅನೇಕ ಸಹೋದರ ಸಹೋದರಿಯರು ಇಸ್ರೇಲಿಗೆ ಹೋಗಿ ಅಲ್ಲಿನ ವೃದ್ಧರ ಆರೈಕೆ ಮಾಡುತ್ತಿದ್ದಾರೆ. ಬೇರೆಯವರ ತಾಯಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಸಂಜೆ ಕೈಹಿಡಿದು ನಡೆಸಿ, ಆ ದುಡಿಮೆಯಿಂದ ಊರಿನ ತಾಯಿಯ ಔಷಧಿಗೂ ತಮ್ಮಂದಿರ ಓದಿಗೂ ಹಣ ಕಳುಹಿಸುತ್ತಾರೆ. ಇಂತಹವರನ್ನು 'ತಂದೆ ತಾಯಿಯನ್ನು ಆಶ್ರಮಕ್ಕೆ ತಳ್ಳಿದರು' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ, ಆದರೆ ನ್ಯಾಯವಲ್ಲ. ತೊರೆದು ಹೋದ ಮಕ್ಕಳೂ ಇದ್ದಾರೆ, ಹೋಗದೆ ವಿಧಿಯಿಲ್ಲದ ಮಕ್ಕಳೂ ಇದ್ದಾರೆ. ಗೇಟಿನ ಹೊರಗಿರುವ ನಮಗೆ ಯಾರು ಯಾವ ಬಗೆಯವರೆಂದು ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಅಂಗೀಕಾರವಾಯಿತು. ಅದರ ಮುಖ್ಯ ಅಂಶಗಳನ್ನು ಚರ್ಚಿನ ಕಾರ್ಯಕರ್ತರೆಲ್ಲರೂ ತಿಳಿದಿರುವುದು ಒಳ್ಳೆಯದು.

60 ವರ್ಷ ತುಂಬಿ, ಸ್ವಂತ ಆದಾಯದಿಂದ ಬದುಕಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಬಹುದು. ತಂದೆ ತಾಯಿಗೆ ಈ ವಯಸ್ಸಿನ ಮಿತಿಯೂ ಇಲ್ಲ. ಅರ್ಜಿಯನ್ನು ನ್ಯಾಯಮಂಡಳಿ ವಿಚಾರಿಸುತ್ತದೆ. ನಮ್ಮಲ್ಲಿ ಉಪವಿಭಾಗದ ಸಹಾಯಕ ಆಯುಕ್ತರು ಅದರ ಮುಖ್ಯಸ್ಥರು. ಮೂಲ ಕಾಯ್ದೆಯಂತೆ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಪಡಿಸಲು 23ನೇ ಕಲಂ ಅವಕಾಶ ಕೊಡುತ್ತದೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ಬಡ ಹಿರಿಯರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನಾದರೂ ಸರ್ಕಾರ ಹಂತ ಹಂತವಾಗಿ ತೆರೆಯಬಹುದೆಂದು 19ನೇ ಕಲಂ ಹೇಳುತ್ತದೆ. ಹಿರಿಯರಿಗೆ ತೊಂದರೆಯಾಗುತ್ತಿದೆ ಎಂದು ಕಂಡುಬಂದರೆ 14567 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ಇಷ್ಟು ಕಾನೂನಿನ ಕೆಲಸ. ಅನ್ನ, ಬಟ್ಟೆ, ಮದ್ದು, ಹಾಸಿಗೆ, ಇವನ್ನು ಕಾನೂನು ಕೊಡಿಸಬಹುದು. ಆದರೆ ಜಗಲಿಯಲ್ಲಿ ಪಕ್ಕದಲ್ಲಿ ಕುಳಿತು 'ನಿನ್ನೆ ರಾತ್ರಿ ನಿದ್ದೆ ಬಂತಾ ಅಜ್ಜಿ?' ಎಂದು ಕೇಳಬೇಕೆಂದು ಯಾವ ಸಹಾಯಕ ಆಯುಕ್ತರೂ ಆದೇಶ ಹೊರಡಿಸಲಾರರು. ಅದು ನೆರೆಯವರ ಪಾಲಿನ ಕೆಲಸ.

ಈ ಪಾಲು ಚಿಕ್ಕದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಒಂಟಿತನದ ನಂಟಿದೆ. ಒಂಟಿತನ ಬರೀ ಬೇಸರವಲ್ಲ, ಆರೋಗ್ಯವನ್ನೇ ಕೆಡಿಸುವ ಸಂಗತಿ ಎಂದು ವೈದ್ಯರು ಈಗ ಹೇಳುತ್ತಿರುವುದನ್ನು ನಮ್ಮ ಹಳೆಯ ಮಂದಿ ಬೇರೆ ಮಾತಿನಲ್ಲಿ ಹೇಳುತ್ತಿದ್ದರು: ಮಾತನಾಡಲು ಜನ ಇಲ್ಲದಿದ್ದರೆ ಉಂಡ ಅನ್ನವೂ ಮೈಗೆ ಹತ್ತುವುದಿಲ್ಲ.

ಒಂದು ಮೀನುಗಾರರ ಊರಿನ ಕಥೆ

ವೃದ್ಧಾಶ್ರಮ ಮತ್ತು ಅದರ ನೆರೆಹೊರೆಯ ಸಂಬಂಧ ಹೇಗಿರಬೇಕು ಎಂಬುದಕ್ಕೆ ಧರ್ಮಸಭೆಯ ಇತಿಹಾಸದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅದೂ ನಮ್ಮಂತೆಯೇ ಕಡಲ ತೀರದ ಊರಿನದ್ದು.

ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತ್ಯದಲ್ಲಿ ಕಾಂಕಾಲ್ ಎಂಬ ಮೀನುಗಾರರ ಊರು. ಅಲ್ಲಿ 1792ರಲ್ಲಿ ಜೀನ್ ಜುಗಾನ್ ಹುಟ್ಟಿದರು. ತಂದೆ ಮೀನುಗಾರ, ಮಗಳು ಚಿಕ್ಕವಳಿದ್ದಾಗಲೇ ಕಡಲಿಗೆ ಹೋದವರು ಮರಳಿ ಬರಲಿಲ್ಲ. ಜೀನ್ ಪರರ ಮನೆಯ ಅಡುಗೆಕೋಣೆಯಲ್ಲಿ ಕೆಲಸ ಮಾಡಿದರು, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡಿದರು. 1839ರ ಚಳಿಗಾಲದಲ್ಲಿ ಪಕ್ಕದ ಸೇಂಟ್ ಸರ್ವಾನ್ ಎಂಬ ಬಂದರು ಊರಿನಲ್ಲಿ ಕಣ್ಣು ಕಾಣದ, ಮೈಗೆ ಲಕ್ವ ಹೊಡೆದ ಒಬ್ಬ ವಿಧವೆಯನ್ನು ತಾವಿದ್ದ ಬಾಡಿಗೆ ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಕೊಟ್ಟರು. ಆಗ ಜೀನ್‌ಗೆ 47 ವರ್ಷ. ಆ ಒಂದು ಹಾಸಿಗೆಯಿಂದ ಆರಂಭವಾದದ್ದೇ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸಂಸ್ಥೆ.

ನಮಗೆ ಇಲ್ಲಿ ಮುಖ್ಯವಾದದ್ದು ಆಮೇಲಿನ ಸಂಗತಿ. ಅವರ ಬಳಿಗೆ ಬಂದ ಮುದುಕಿಯರಲ್ಲಿ ಅನೇಕರು ಅದುವರೆಗೆ ಮನೆ ಮನೆಗೆ ಹೋಗಿ ಬೇಡುತ್ತಿದ್ದವರು. ಇನ್ನು ನೀವು ಹೋಗುವುದು ಬೇಡ ಎಂದು ಜೀನ್ ಅವರನ್ನು ಕುಳ್ಳಿರಿಸಿ, ಅವರ ಬದಲಿಗೆ ತಾವೇ ಬುಟ್ಟಿ ಹಿಡಿದು ಅದೇ ಮನೆಗಳಿಗೆ ಹೋದರು. ಊರಿನವರು ತಮ್ಮಲ್ಲಿ ಇದ್ದದ್ದನ್ನು ಕೊಟ್ಟರು: ರೊಟ್ಟಿ, ಹಳೆ ಬಟ್ಟೆ, ಚಿಲ್ಲರೆ ಕಾಸು. ದೊಡ್ಡ ನಿಧಿಯಿಂದ ಅಲ್ಲ, ಊರಿನ ಅಡುಗೆಮನೆಗಳಿಂದ ಬಂದ ಚೂರು ಚೂರಿನಿಂದ ಆ ಮನೆ ನಡೆಯಿತು. ಬಾಗಿಲಲ್ಲಿ ಬುಟ್ಟಿ ಬಂದು ನಿಂತಾಗಲೆಲ್ಲ ಹಿರಿಯರು ಇನ್ನೂ ತಮ್ಮ ನಡುವೆಯೇ ಇದ್ದಾರೆ ಎಂಬ ನೆನಪು ಊರಿಗೆ ಬರುತ್ತಿತ್ತು. 1845ರಲ್ಲಿ ಫ್ರೆಂಚ್ ಅಕಾಡೆಮಿ ಜೀನ್ ಅವರಿಗೆ ಮೊಂತಿಯೋ ಬಹುಮಾನ ನೀಡಿ ಗೌರವಿಸಿತು.

ಅವರ ಕೊನೆಯ ವರ್ಷಗಳು ಮರೆವಿನಲ್ಲಿ ಕಳೆದವು. ಮುಖ್ಯಸ್ಥೆಯ ಸ್ಥಾನದಿಂದ ಅವರನ್ನು ಬದಿಗೆ ಸರಿಸಲಾಯಿತು. ಕೊನೆಯ 27 ವರ್ಷ ಅವರು ಸಂಸ್ಥೆಯ ಮುಖ್ಯ ಮಠದಲ್ಲೇ ಇದ್ದರೂ, ಸ್ಥಾಪಕಿ ಇವರೇ ಎಂದು ಹೊಸದಾಗಿ ಸೇರಿದ ಸಹೋದರಿಯರಿಗೆ ಗೊತ್ತಿರಲಿಲ್ಲ. 1879ರ ಆಗಸ್ಟ್ 29ರಂದು ಅವರು ತೀರಿಕೊಂಡಾಗ ಸಂಸ್ಥೆಯಲ್ಲಿ ಸುಮಾರು 2,400 ಸಹೋದರಿಯರಿದ್ದರು. 1882ರಲ್ಲಿ ಕೊಲ್ಕತ್ತಾದಲ್ಲಿ ಆರಂಭವಾದ ಮನೆಯೊಂದಿಗೆ ಈ ಸೇವೆ ಭಾರತಕ್ಕೂ ಬಂತು. 2009ರ ಅಕ್ಟೋಬರ್ 11ರಂದು ಪೋಪ್ 16ನೇ ಬೆನೆಡಿಕ್ಟ್ ಅವರು ಜೀನ್ ಜುಗಾನ್ ಅವರನ್ನು ಸಂತ ಪದವಿಗೇರಿಸಿದರು.

ಮೂಲೆಯಲ್ಲಿ ಕುಳಿತ ಮುದುಕಿ ಯಾರು, ಏನು ಮಾಡಿದವರು ಎಂದು ಕಿರಿಯರಿಗೆ ತಿಳಿಯದೇ ಹೋಗುವುದು ಸಂತರ ಬದುಕಿನಲ್ಲೂ ನಡೆದಿದೆ. ನಮ್ಮ ಪಕ್ಕದ ಆಶ್ರಮದಲ್ಲಿ ಎಷ್ಟು ಸುಲಭವಾಗಿ ನಡೆಯಬಹುದೆಂದು ಯೋಚಿಸಿ.

ಗೇಟಿನ ಎರಡೂ ಕಡೆ

ನೆರೆತನ ಹೇಗಿರುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಆಶ್ರಮದ ಗೇಟಿನ ಬಳಿ ಬೆಳಗ್ಗೆ ಒಂದು ಗಂಟೆ ನಿಂತರೆ ಕಾಣುತ್ತದೆ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, 'ಬಾಯಮ್ಮ, ಇಂದು ಬಂಗುಡೆ ಒಳ್ಳೆಯದುಂಟು, ನೋಡಿ' ಎಂದು ಜಗಲಿಯಲ್ಲಿರುವ ಅಜ್ಜಿಯನ್ನು ಕರೆಯುತ್ತಾಳೆ. ಕೊಳ್ಳುವುದು ಅಡುಗೆಯವರು, ಅಜ್ಜಿಯ ಕೈಯಲ್ಲಿ ಹಣವಿಲ್ಲ. ಇಬ್ಬರಿಗೂ ಅದು ಗೊತ್ತು. ಆದರೂ ಅಜ್ಜಿ ಕಿವಿರು ಎತ್ತಿ ನೋಡಿ, 'ಇದು ನಿನ್ನೆಯದು' ಎಂದು ಜಗಳಕ್ಕೆ ನಿಲ್ಲುತ್ತಾರೆ. ಐದು ನಿಮಿಷ ಅವರು ಮತ್ತೆ ತಮ್ಮ ಮನೆಯ ಯಜಮಾನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬುಟ್ಟಿ ಬರುವುದು ಅಪರೂಪ. ಬುಟ್ಟಿಗಾಗಿ ಅಲ್ಲ, ಆ ಜಗಳಕ್ಕಾಗಿ ಅಜ್ಜಿ ಕಾಯುತ್ತಾರೆ.

ರಿಕ್ಷಾ ಚಾಲಕ ಆಸ್ಪತ್ರೆಗೆ ಕರೆದುಕೊಂಡು ಹೋದವರನ್ನು ಬಾಗಿಲಲ್ಲಿ ಇಳಿಸಿ ಹೋಗದೆ, ಚೀಟಿ ಮಾಡಿಸಿ ಕೂರಿಸಿ ಬರುತ್ತಾನೆ. ಪಕ್ಕದ ಮನೆಯ ಕಾಲೇಜು ಹುಡುಗಿ ನವೆಂಬರ್ ತಿಂಗಳಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮಾಡಿಕೊಡುತ್ತಾಳೆ. ಕ್ಷೌರಿಕರು ತಿಂಗಳಿಗೊಮ್ಮೆ ಬಂದು ಹಾಸಿಗೆ ಹಿಡಿದವರ ಗಡ್ಡ ತೆಗೆಯುತ್ತಾರೆ. ಇವರಲ್ಲಿ ಯಾರೂ ತಾವು ಸೇವೆ ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವುದಿಲ್ಲ. ಅನೇಕರು ಕ್ರೈಸ್ತರೂ ಅಲ್ಲ.

ಇನ್ನು ಒಳಗಿನಿಂದ ಹೊರಗೆ ಬರುವುದನ್ನು ನೋಡೋಣ. ಇದು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಆಶ್ರಮದ ಹಿರಿಯರಲ್ಲಿ ನಿವೃತ್ತ ಅಧ್ಯಾಪಕಿಯರಿದ್ದಾರೆ. ಅಕ್ಕಪಕ್ಕದ ಮಕ್ಕಳಿಗೆ ಕಾಪಿ ಬರೆಸಿ, ಮಗ್ಗಿ ಹೇಳಿಸಿ ಕಳುಹಿಸಬಲ್ಲರು. ಮಲ್ಲಿಗೆ ಕಟ್ಟಿ ಸಂಸಾರ ನಡೆಸಿದ ಕೈಗಳಿವೆ. ಬೆರಳು ನಡುಗಿದರೂ ಬಾಳೆನಾರು ಹಿಡಿದರೆ ಅವು ಮರೆಯುವುದಿಲ್ಲ. ಹೂ ಕಟ್ಟಲು ಬಾರದ ಹುಡುಗಿಯರು ಅಲ್ಲಿ ಕಲಿಯಬಹುದು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಹರಿದ ಬಟ್ಟೆಗೆ ಹೊಲಿಗೆ, ಪತ್ರೊಡೆಗೆ ಹದವಾಗಿ ಅರೆಯುವ ಕ್ರಮ, ಉಪ್ಪಿನಕಾಯಿ ಕೆಡದಂತೆ ಇಡುವ ಬಗೆ, ಹಳೆಯ ಕೊಂಕಣಿ ಕೀರ್ತನೆಗಳ ರಾಗ, ಇವೆಲ್ಲ ಅವರಲ್ಲಿವೆ. ತಾಲೂಕು ಕಚೇರಿಯಲ್ಲಿ ದುಡಿದ ಅಜ್ಜನೊಬ್ಬರಿದ್ದರೆ, ಪಹಣಿ ಪತ್ರವನ್ನೂ 1974ರ ಭೂಸುಧಾರಣೆಯ ನಂತರ ಒಕ್ಕಲುಗಳು ಹಾಕಿದ ಡಿಕ್ಲರೇಶನ್ ಕಾಗದಗಳನ್ನೂ ಓದಿ ಹೇಳಬಲ್ಲವರು ಸುತ್ತಲಿನ ಮೂರು ಗ್ರಾಮಗಳಲ್ಲಿ ಅವರೊಬ್ಬರೇ ಇರಬಹುದು.

ಏನೂ ಮಾಡಲಾಗದೆ ಮಲಗಿದವರೂ ಕೊಡಬಲ್ಲರು. ಪರೀಕ್ಷೆಗೆ ಹೋಗುವ ಹುಡುಗ ಗೇಟಿನಲ್ಲಿ ನಿಂತು, 'ಅಜ್ಜಿ, ಇಂದು ನನಗೆ ಗಣಿತ' ಎಂದು ಹೇಳಿ ಹೋಗುತ್ತಾನೆ. ಸಂಜೆ ಮರಳುವಾಗ, 'ಹೇಗಾಯಿತು ಮಗಾ?' ಎಂದು ಕೇಳುವವರು ಒಬ್ಬರಿದ್ದಾರೆ ಎಂಬುದು ಆ ಹುಡುಗನಿಗೂ ಒಂದು ಬಲವೇ.

ಸಾಮಾನ್ಯವಾಗಿ ನಾವು ಈ ಎರಡನೆಯ ಭಾಗವನ್ನು ಮರೆಯುತ್ತೇವೆ. ಕೊಡುವವರು ನಾವು, ಪಡೆಯುವವರು ಅವರು ಎಂದು ನಿಶ್ಚಯಿಸಿಬಿಡುತ್ತೇವೆ. ದಿನವೂ ಪಡೆಯುತ್ತಲೇ ಇರಬೇಕಾದವರಿಗೆ ಒಂದು ಬಗೆಯ ಸಂಕೋಚ, ಕ್ರಮೇಣ ತಾನು ಯಾರಿಗೂ ಬೇಡವಾದವಳು ಎಂಬ ಭಾವನೆ ಬರುತ್ತದೆ. ಅಜ್ಜಿ ತನ್ನ ತಟ್ಟೆಯ ಬಿಸ್ಕಿಟನ್ನು ನಿಮ್ಮ ಮಗುವಿಗೆ ಕೊಡಲು ಕೈಚಾಚಿದಾಗ 'ಬೇಡ ಬೇಡ, ನೀವೇ ತಿನ್ನಿ' ಎನ್ನಬೇಡಿ. ಪಡೆದುಕೊಳ್ಳಿ. ಅದು ಅವರಿಗೆ ನೀವು ಮಾಡುವ ದೊಡ್ಡ ಉಪಕಾರ.

ನೆದರ್‌ಲ್ಯಾಂಡ್ಸ್ ದೇಶದ ಡೆವೆಂಟರ್ ನಗರದಲ್ಲಿ ಹ್ಯುಮಾನಿಟಾಸ್ ಎಂಬ ಹಿರಿಯರ ವಸತಿಗೃಹ ಇದನ್ನೇ ಒಂದು ವ್ಯವಸ್ಥೆಯಾಗಿ ಮಾಡಿತು. ಕಾಲೇಜು ವಿದ್ಯಾರ್ಥಿಗಳಿಗೆ ಅಲ್ಲಿ ಬಾಡಿಗೆ ಇಲ್ಲದೆ ಕೋಣೆ ಕೊಟ್ಟರು. ಷರತ್ತು ಒಂದೇ: ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ದಾದಿಯ ಕೆಲಸ ಅವರದ್ದಲ್ಲ. ಒಟ್ಟಿಗೆ ಊಟ ಮಾಡುವುದು, ಟಿವಿ ನೋಡುವುದು, ಕಂಪ್ಯೂಟರ್ ಹೇಳಿಕೊಡುವುದು, ಕಾಯಿಲೆಯಾದಾಗ ಪಕ್ಕದಲ್ಲಿರುವುದು, ಅಷ್ಟೇ. ನಮ್ಮ ಊರಿನಲ್ಲಿ ಇದಕ್ಕೆ ಕೋಣೆ ಕೊಡುವ ಅಗತ್ಯವಿಲ್ಲ, ಮನೆಗಳು ಪಕ್ಕದಲ್ಲೇ ಇವೆ.

ಹಬ್ಬದ ತೆನೆ ಯಾರಿಗೆ?

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಮಕ್ಕಳು ಹೂ ತಂದು ಕನ್ಯಾಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳನ್ನು ಪುಡಿ ಮಾಡಿ ಹಾಲಿನಲ್ಲೋ ತೆಂಗಿನ ಹಾಲಿನಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಮನೆಗೆ ಬರಲಾಗದವರಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿ ಹಾಕಿ ಬೊಂಬಾಯಿಗೂ ಕುವೈಟಿಗೂ ಅಂಚೆಯಲ್ಲಿ ಕಳುಹಿಸುವ ಕ್ರಮ ನಮ್ಮಲ್ಲಿ ಇತ್ತು, ಈಗಲೂ ಕೆಲವರು ಪಾಲಿಸುತ್ತಾರೆ. ಕುಟುಂಬದಲ್ಲಿ ಯಾರೂ ತಪ್ಪಬಾರದು ಎಂಬುದು ಅದರ ಅರ್ಥ.

ಸಮುದ್ರದಾಚೆಯ ಮಗನಿಗೆ ಕಾಳು ಕಳುಹಿಸಿದ ತಾಯಿಯೇ ಇಂದು ಆಶ್ರಮದಲ್ಲಿದ್ದಾರೆ. ಅವರಿಗೆ ತೆನೆ ಯಾರು ಕೊಡುತ್ತಾರೆ? ಆಶ್ರಮದವರು ಹಬ್ಬ ಆಚರಿಸುತ್ತಾರೆ, ನಿಜ. ಆದರೆ ನೆರೆಯ ಒಂದು ಕುಟುಂಬ ಅವರಲ್ಲಿ ಒಬ್ಬರನ್ನು ಮನೆಗೆ ಕರೆದು, ಹಂಚುವ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿದರೆ? ಅನುಮತಿ ಪಡೆದು ಎರಡು ಗಂಟೆಗೆ ಕರೆದೊಯ್ಯುವುದು ಸಾಧ್ಯವಾದಲ್ಲೆಲ್ಲ ಇದನ್ನು ಮಾಡಬಹುದು. ಸಾಧ್ಯವಿಲ್ಲದಿದ್ದರೆ ತೆನೆ ಹಿಡಿದು ನಾವೇ ಅಲ್ಲಿಗೆ ಹೋಗಬಹುದು.

ಕ್ರಿಸ್ಮಸ್ಸಿನ ಕುಸ್ವಾರ್ ಕೂಡ ಹಾಗೆಯೇ. ಕಟ್ಟು ಕಟ್ಟಿ ಆಶ್ರಮಕ್ಕೆ ಕೊಡುವುದಕ್ಕಿಂತ, ಒಂದು ಮಧ್ಯಾಹ್ನ ಹಿಟ್ಟು ಅಲ್ಲಿಗೇ ಒಯ್ದು ಹಿರಿಯರೊಡನೆ ಕುಳಿತು ಕಿಡಿಯೊ, ನೆವ್ರಿ ಮಾಡಬಹುದು. ಮಾಡಿದ್ದನ್ನು ಅವರ ಹೆಸರಿನಲ್ಲೇ ಸುತ್ತಲಿನ ಹಿಂದೂ, ಮುಸ್ಲಿಂ ಮನೆಗಳಿಗೆ ಹಂಚಬಹುದು. ದೀಪಾವಳಿಯಂದು ಆ ಮನೆಗಳಿಂದ ಅವಲಕ್ಕಿ, ರಂಜಾನಿನಂದು ತಟ್ಟೆ ತಾನಾಗಿ ಆಶ್ರಮಕ್ಕೆ ಬರುತ್ತದೆ. ತಟ್ಟೆ ಖಾಲಿಯಾಗಿ ಹಿಂದಿರುಗಬಾರದು ಎಂಬುದು ನಮ್ಮ ಊರಿನ ಹಳೆಯ ನಿಯಮವಲ್ಲವೇ?

ಹೋಗುವಾಗ ತಿಳಿದಿರಬೇಕಾದದ್ದು

ಒಳ್ಳೆಯ ಮನಸ್ಸಿದ್ದರೂ ತಿಳಿಯದೆ ನೋವು ಮಾಡುವುದುಂಟು. ಹಿರಿಯರ ಜೊತೆ ದುಡಿಯುವವರಿಂದ ನಾವು ಕೇಳಿ ತಿಳಿದ ಕೆಲವು ವಿಷಯಗಳು ಇವು.

1. ಮೊದಲು ಆಶ್ರಮದ ಮುಖ್ಯಸ್ಥರೊಡನೆ ಮಾತನಾಡಿ, ಯಾವ ಸಮಯ ಅನುಕೂಲವೆಂದು ಕೇಳಿ. ಸ್ನಾನ, ಊಟ, ಮದ್ದಿನ ಹೊತ್ತಿನಲ್ಲಿ ಹೋದರೆ ಅವರಿಗೆ ಕಷ್ಟ.

2. ಕೇಳದೆ ತಿಂಡಿ ಕೊಡಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಪಥ್ಯವಿರುತ್ತದೆ. ನುಂಗಲು ಕಷ್ಟಪಡುವವರಿಗೆ ಒಣ ತಿಂಡಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

3. 'ನಿಮ್ಮ ಮಕ್ಕಳು ಎಲ್ಲಿ? ಯಾಕೆ ಬರುವುದಿಲ್ಲ?' ಎಂದು ಕೇಳಬೇಡಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ. ಅವರ ಊರು, ಕೆಲಸ, ಮದುವೆಯ ದಿನ, ಶಾಲೆ, ಇವುಗಳ ಬಗ್ಗೆ ಕೇಳಿ.

4. ಕಿವಿ ಮಂದವಾದವರೊಡನೆ ಕಿರುಚಬೇಡಿ. ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡಿ.

5. ಮರೆವಿನ ಕಾಯಿಲೆ ಇರುವವರು ತೀರಿಹೋದ ಗಂಡ ಈಗ ಬರುತ್ತಾರೆ ಎಂದರೆ ವಾದಿಸಬೇಡಿ. ಆ ಗಂಡನ ಬಗ್ಗೆ ಎರಡು ಮಾತು ಕೇಳಿ. ಅದರಲ್ಲಿ ಸುಳ್ಳಿಲ್ಲ, ಸಮಾಧಾನವಿದೆ.

6. ಫೋಟೊ ಬೇಡ. ತಾನು ಆಶ್ರಮದಲ್ಲಿರುವುದು ಊರಿಗೆ ತಿಳಿಯಬಾರದೆಂದು ಬಯಸುವವರು ಅನೇಕರಿದ್ದಾರೆ.

7. ಹಣ, ಸಹಿ, ಉಯಿಲು, ಬ್ಯಾಂಕ್ ಪುಸ್ತಕ, ಇವುಗಳಲ್ಲಿ ಕೈ ಹಾಕಬೇಡಿ. ಅಂತಹ ಮಾತು ಬಂದರೆ ಮುಖ್ಯಸ್ಥರಿಗೆ ತಿಳಿಸಿ.

8. ಶೀತ, ಜ್ವರ ಇರುವಾಗ ಹೋಗಬೇಡಿ. ನಮಗೆ ಮೂರು ದಿನದ ನೆಗಡಿ ಅವರಿಗೆ ನ್ಯುಮೋನಿಯ ಆಗಬಹುದು.

9. ಎಲ್ಲಕ್ಕಿಂತ ಮುಖ್ಯ: ಬರುತ್ತೇನೆ ಎಂದರೆ ಬನ್ನಿ. ಆಗದಿದ್ದರೆ ಹೇಳಿ ಕಳುಹಿಸಿ. ನೀವು ಮಾತಿಗೆ ಹೇಳಿದ 'ಮುಂದಿನ ವಾರ ಬರುತ್ತೇನೆ' ಎಂಬುದನ್ನು ನಂಬಿ ಬೆಳಗ್ಗಿನಿಂದಲೇ ಒಳ್ಳೆಯ ಸೀರೆ ಉಟ್ಟು ಕುಳಿತವರನ್ನು ನಾವು ಕಂಡಿದ್ದೇವೆ. ಸಂಜೆ ಆ ಸೀರೆಯನ್ನು ಮಡಚಿಡಲು ಸಹಾಯ ಮಾಡಿದ ಧರ್ಮಭಗಿನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲವಂತೆ.

28 ಮನೆ, 28 ದಿನ

ಇದೆಲ್ಲ ಸರಿ, ನಮಗೆ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಲೆಕ್ಕ ನೋಡೋಣ. ಒಂದು ವಾಳೆಯಲ್ಲಿ 28 ಮನೆಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ಮನೆಯವರು ನಾಲ್ಕು ವಾರಕ್ಕೆ ಒಮ್ಮೆ, ಒಂದೇ ಒಂದು ಗಂಟೆ ಆಶ್ರಮಕ್ಕೆ ಹೋದರೆ ವರ್ಷದ ಪ್ರತಿ ದಿನವೂ ಯಾರಾದರೂ ಒಬ್ಬರು ಬಂದಂತಾಯಿತು. ಒಂದು ಮನೆಗೆ ಬೀಳುವುದು ವರ್ಷಕ್ಕೆ 13 ಗಂಟೆ ಮಾತ್ರ. ಗುರಿಕಾರರು ಒಂದು ಹಾಳೆಯಲ್ಲಿ ದಿನ ಬರೆದು ಹಂಚಿದರೆ ಸಾಕು. ಇದಕ್ಕೆ ನಿಧಿ ಬೇಡ, ಬ್ಯಾನರ್ ಬೇಡ, ಉದ್ಘಾಟನೆ ಬೇಡ.

ಆಶ್ರಮವಿಲ್ಲದ ವಾಳೆಗಳಲ್ಲಿ ಒಂಟಿಯಾಗಿರುವ ಹಿರಿಯರ ಮನೆಗಳು ಖಂಡಿತ ಇರುತ್ತವೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಒಜನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲ ಕೆಲಸವೇ ಮನೆಭೇಟಿ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಈ ಸಭೆ ಇದೆ. ಅವರು ಒಬ್ಬರೇ ಹೊರುತ್ತಿರುವ ಭಾರಕ್ಕೆ ಉಳಿದ ಸಂಘಟನೆಗಳೂ ಹೆಗಲು ಕೊಡಬಹುದು.

ಆರಂಭಕ್ಕೆ ಒಂದು ದಿನ ಬೇಕೆಂದಿದ್ದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಇದೆ. ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಅದನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವೆಂದು ಘೋಷಿಸಿದರು. ಜುಲೈ 26 ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಂ ಮತ್ತು ಸಂತ ಅನ್ನಾ ಅವರ ಹಬ್ಬ. ಅದಕ್ಕೆ ಹತ್ತಿರದ ಭಾನುವಾರ ಇದು. ನಮ್ಮ ಕರಾವಳಿಯಲ್ಲಿ ಅದು ಆಟಿ ತಿಂಗಳ ಕಾಲ. ಮಳೆ ಬಿಡುವುದಿಲ್ಲ, ಅಂಗಳಕ್ಕೆ ಇಳಿಯಲಾಗುವುದಿಲ್ಲ, ಕರೆಂಟು ಹೋದರೆ ಬರುವುದಿಲ್ಲ, ಗಂಟುನೋವು ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಬಂದವರಲ್ಲಿ ಒಬ್ಬರೂ ಆಟಿಯಲ್ಲಿ ಬರುವುದಿಲ್ಲ. ಹಿರಿಯರಿಗೆ ನೆರೆಯವರು ಅತ್ಯಂತ ಹೆಚ್ಚು ಬೇಕಾದ ಕಾಲ ಅದೇ.

ಕೊನೆಯ ದಿನ

ಒಂದು ಆಶ್ರಮದ ಹಿರಿಯರ ಮರಣಕ್ಕೆ ನಾವು ಹೋಗಿದ್ದೆವು. ದೂರದಲ್ಲಿದ್ದ ಸಂಬಂಧಿಕರಿಗೆ ಬರಲಾಗಲಿಲ್ಲ. ಅಂತ್ಯಕ್ರಿಯೆಯ ಬಲಿಪೂಜೆಗೆ ಧರ್ಮಭಗಿನಿಯರು, ಅಡುಗೆಯವರು, ನಡೆಯಬಲ್ಲ ಆರೇಳು ಹಿರಿಯರು ಇದ್ದರು. ಶವಪೆಟ್ಟಿಗೆ ಎತ್ತಲು ಯಾರು ಎಂದು ಧರ್ಮಗುರುಗಳು ಸುತ್ತ ನೋಡುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ನಿಂತಿದ್ದ ನಾಲ್ವರು ಮುಂದೆ ಬಂದರು. ಇಬ್ಬರು ಎದುರಿನ ಸ್ಟ್ಯಾಂಡಿನ ರಿಕ್ಷಾ ಚಾಲಕರು, ಒಬ್ಬರು ಪಕ್ಕದ ದಿನಸಿ ಅಂಗಡಿಯವರು, ಇನ್ನೊಬ್ಬ ಆ ಅಜ್ಜನ ಬಳಿ ಇಂಗ್ಲಿಷ್ ಕಲಿಯುತ್ತಿದ್ದ ಕಾಲೇಜು ಹುಡುಗ. ಅವರಲ್ಲಿ ಇಬ್ಬರಿಗೆ ನಮ್ಮ ಪ್ರಾರ್ಥನೆಗಳು ತಿಳಿಯದು. ಆದರೆ ಅಜ್ಜನಿಗೆ ಚಹಾಕ್ಕೆ ಎಷ್ಟು ಸಕ್ಕರೆ ಬೇಕಿತ್ತು ಎಂಬುದು ನಾಲ್ವರಿಗೂ ತಿಳಿದಿತ್ತು.

ಆ ನಾಲ್ವರು ಒಂದೇ ದಿನದಲ್ಲಿ ಅಲ್ಲಿಗೆ ಬಂದು ನಿಂತವರಲ್ಲ. ವರ್ಷಗಟ್ಟಲೆ ದಿನಕ್ಕೆರಡು ಮಾತು ಆಡಿ ಆಡಿ ನೆರೆಯವರಾದವರು. ಅಜ್ಜನಿಂದ ಪಡೆದದ್ದನ್ನು ನೆನಪಿಟ್ಟುಕೊಂಡವರು.

ಪ್ರಿಯ ಓದುಗರೇ, ನಮ್ಮ ಮನೆಯಿಂದ ಹತ್ತಿರದ ಆಶ್ರಮಕ್ಕೆ ಎಷ್ಟು ದೂರ? ಅಲ್ಲಿರುವ ಒಬ್ಬರ ಹೆಸರಾದರೂ ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಈ ವಾರ ಒಂದು ಹೆಸರು ತಿಳಿದು ಬರೋಣ. ಮುಂದಿನ ವಾರ ಆ ಹೆಸರು ಹಿಡಿದು ಕರೆಯೋಣ. ಅವರು ಕೊಡುವ ಬಿಸ್ಕಿಟನ್ನು ಬೇಡವೆನ್ನದೆ ತಿಂದು ಬರೋಣ.